ದೂತನಿಗೊಂದು ಗೇಣು ಜಾಗ

"ನೀವು ಕ್ರಿಶ್ಚಿಯನ್ನರೆಲ್ಲ ಒಂದೇ ಅಲ್ಲೇನ್ರೀ?" ಎಂದು ಕೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂಥವರನ್ನೆಲ್ಲ ರಾಯದುರ್ಗದ ನಮ್ಮ ಮನೆಯ ಊಟದ ಸಾಲಿಗೆ ಕರೆದು ಕೂರಿಸಬೇಕಿತ್ತು. ನೆಲದ ಮೇಲೆ ಈಚಲು ಚಾಪೆ. ಆ ತುದಿಗೆ ಅಪ್ಪ, ಪಕ್ಕದಲ್ಲಿ ತಮ್ಮ, ಆಮೇಲೆ ನಾನು, ಈ ತುದಿಗೆ ಅಮ್ಮನ ತಾಯಿ, ಅಂದರೆ ನಮ್ಮ ಇನ್ನಾಸಮ್ಮಜ್ಜಿ. ಅಜ್ಜಿಗೂ ಗೋಡೆಗೂ ನಡುವೆ ಒಂದು ಗೇಣು ಖಾಲಿ. ಆ ಒಂದು ಗೇಣಿಗಾಗಿ ನಮ್ಮ ಮನೆಯಲ್ಲಿ ನಡೆದಷ್ಟು ವಾದ ಹೊಲದ ಬದುವಿಗೂ ನಡೆದಿರಲಿಕ್ಕಿಲ್ಲ. ಅಜ್ಜಿ ಕ್ಯಾಥೊಲಿಕ್, ಅಪ್ಪ ಪ್ರೊಟೆಸ್ಟೆಂಟ್. ಅಜ್ಜಿಯ ಪ್ರಕಾರ ಅಲ್ಲಿ ಅವಳ ಕಾವಲು ದೇವದೂತ ಕೂತಿದ್ದ. ಅಪ್ಪನ ಪ್ರಕಾರ ಅಲ್ಲಿದ್ದದ್ದು ಗೋಡೆಯಿಂದ ಉದುರಿದ ಸುಣ್ಣ.

ಜಾಗ ಧಾರಾಳವಾಗಿದ್ದ ಮನೆಯಾಗಿದ್ದರೆ ಈ ಜಗಳ ಹುಟ್ಟುತ್ತಲೇ ಇರಲಿಲ್ಲವೇನೋ. ನಮ್ಮದು ಎರಡು ಖೋಲಿಯ ಮನೆ. ಮುಂದಿನ ಖೋಲಿಯಲ್ಲಿ ಅಮ್ಮನ ಹೊಲಿಗೆ ಮಿಷನ್ನು. ರಾಯದುರ್ಗದ ಅರ್ಧ ಊರಿನಂತೆ ಅಮ್ಮನೂ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಕತ್ತರಿಸಿದ ಬಟ್ಟೆಯ ಕಟ್ಟುಗಳು ಬೆಳಿಗ್ಗೆ ಬಂದು ಬೀಳುತ್ತಿದ್ದವು, ಹೊಲಿದ ಪ್ಯಾಂಟುಗಳು ಸಂಜೆಗೆ ಹೋಗುತ್ತಿದ್ದವು. ಬಂದದ್ದಕ್ಕೂ ಹೋಗುವುದಕ್ಕೂ ನಡುವೆ ನಾವು ಬದುಕುತ್ತಿದ್ದೆವು. ನೀಲಿ ನೂಲಿನ ಧೂಳು ಅನ್ನದ ತಪ್ಪಲೆಯ ಮೇಲೂ ತಮ್ಮನ ಹುಬ್ಬಿನ ಮೇಲೂ ಕೂತಿರುತ್ತಿತ್ತು. ಅಜ್ಜಿಯ ಕೆಲಸ, ಹೊಲಿದು ಮುಗಿದ ಪ್ಯಾಂಟುಗಳಿಂದ ನೇತಾಡುವ ದಾರದ ತುದಿಗಳನ್ನು ಕತ್ತರಿಸುವುದು. ಪುಟ್ಟ ಕತ್ತರಿ ಹಿಡಿದು ಗೋಡೆಯ ಬಳಿ ಕೂತರೆ ಎಡಕ್ಕೆ ಕತ್ತರಿಸಬೇಕಾದ್ದು, ಮಡಿಲಲ್ಲಿ ಕತ್ತರಿಸುತ್ತಿರುವುದು, ಬೆನ್ನ ಹಿಂದೆ ಕತ್ತರಿಸಿ ಮುಗಿದದ್ದು. ಬಲಕ್ಕೆ ಮಾತ್ರ ಏನನ್ನೂ ಇಡುವಂತಿಲ್ಲ. ಅಮ್ಮ ಅವಸರದಲ್ಲಿ ಒಂದು ಕಟ್ಟು ತಂದು ಅಲ್ಲಿ ಕುಕ್ಕಿದಳೋ, ಮುಗಿಯಿತು.

"ಅಯ್ಯೋ ಮರಿಯಾ, ಅವ್ನ್ ತಲೆ ಮ್ಯಾಕೇ ಮಡಗಿದ್ಯಲ್ಲೇ! ಕಣ್ ಕಾಣಲ್ವಾ?"

"ಕಾಣಲ್ಲ ಕಣಮ್ಮ, ನನಗೆ ಅವನು ಕಾಣಲ್ಲ. ನಿನಗೆ ಕಂಡರೆ ನಾಕು ದಾರ ಕತ್ತರಿಸೋಕೆ ಹೇಳು, ಬೇಗ ಮುಗೀತದೆ" ಎನ್ನುತ್ತಿದ್ದಳು ಅಮ್ಮ. ಹಾಗೆ ಅನ್ನುತ್ತಲೇ ಕಟ್ಟನ್ನು ಎತ್ತಿ ಬೇರೆ ಕಡೆ ಇಡುತ್ತಿದ್ದಳು.

ಅಮ್ಮ ಹುಟ್ಟಿದ್ದು ಮಡಕಶಿರದ ಕ್ಯಾಥೊಲಿಕ್ ಮನೆಯಲ್ಲಿ. ಮದುವೆಯಾಗಿ ಬಂದ ಮೇಲೆ ಅಪ್ಪನ ಚರ್ಚು ಅವಳ ಚರ್ಚಾಯಿತು. ಅದರ ಬಗ್ಗೆ ಅವಳೆಂದೂ ಕಣ್ಣೀರು ಹಾಕಿದ್ದನ್ನು ನಾನು ನೋಡಿಲ್ಲ. ಜಪಸರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು, ರೊಟ್ಟಿ ಬಡಿಯಲು ಕಲಿತಳು, ಅಷ್ಟೇ. ತಮ್ಮ ಹುಟ್ಟಿದಾಗ ಬಾಣಂತನಕ್ಕೆಂದು ಬಂದ ಅಜ್ಜಿ ಮಾತ್ರ ಏನನ್ನೂ ಪೆಟ್ಟಿಗೆಯಲ್ಲಿಡಲಿಲ್ಲ. ಬಾಣಂತನ ಮುಗಿಯಿತು, ತಮ್ಮ ನಡೆಯಲು ಕಲಿತ, ಅಜ್ಜಿ ಹೋಗಲಿಲ್ಲ. ಮಡಕಶಿರದಲ್ಲಿ ಅವಳ ಮಗನ ಮನೆ ನಮ್ಮದಕ್ಕಿಂತ ದೊಡ್ಡದು. ನನ್ನ ಮಾವನೂ ಕೆಟ್ಟವನಲ್ಲ. ಆದರೆ ಅಲ್ಲಿ ಅಜ್ಜಿ ಪಕ್ಕಕ್ಕೆ ಸರಿದು ಕೂತರೆ ಅತ್ತೆ ಮುಸಿಮುಸಿ ನಗುತ್ತಿದ್ದಳಂತೆ. ಬಂದ ನೆಂಟರಿಗೆಲ್ಲ ಅಜ್ಜಿ ಕೂರುವುದನ್ನು ಅಭಿನಯಿಸಿ ತೋರಿಸುತ್ತಿದ್ದಳಂತೆ. "ಬೈದ್ರೆ ಉಣ್ಬೋದು ಮಗಾ, ನಗೋರ್ ಮನೇಲಿ ಅನ್ನ ಇಳಿಯಾಕಿಲ್ಲ" ಎಂದು ಅಜ್ಜಿ ನನಗೊಬ್ಬಳಿಗೇ ಹೇಳಿದ್ದಳು. ನಮ್ಮ ಮನೆಯಲ್ಲಿ ಅಪ್ಪ ಬೈಯುತ್ತಿದ್ದ, ನಗುತ್ತಿರಲಿಲ್ಲ. ಅದಕ್ಕೇ ಅವಳು ಇಲ್ಲಿದ್ದಳು.

ಪ್ರತಿಯೊಬ್ಬರಿಗೂ ಒಬ್ಬೊಬ್ಬ ದೂತ, ಹುಟ್ಟಿದಾಗಿನಿಂದ ಬಲಗಡೆಗೇ ಇರುತ್ತಾನೆ ಎಂದು ನನಗೆ ಹೇಳಿಕೊಟ್ಟವಳು ಅಜ್ಜಿ. ಕೂರುವಾಗ ಅವನಿಗೆ ಜಾಗ ಬಿಡಬೇಕು. ಬಿಡದಿದ್ದರೂ ಅವನೇನೂ ಮುನಿಸಿಕೊಳ್ಳುವುದಿಲ್ಲ, ಆದರೆ ನಿಂತೇ ಇರಬೇಕಾಗುತ್ತದೆ ಪಾಪ. ಹಾಗಾದರೆ ಅಪ್ಪನ ದೂತ ಎಲ್ಲಿ ಎಂದು ನಾನು ಕೇಳಿದಾಗ ಅಜ್ಜಿ ಅಪ್ಪನ ಕಡೆ ಓರೆಗಣ್ಣಲ್ಲಿ ನೋಡಿ, "ನಿಂತವ್ನೆ ಕಣಮ್ಮಿ. ಯಾರೂ ಕುಂತ್ಕ ಅಂದಿಲ್ವಲ್ಲ" ಎಂದಳು. ಮಲಗುವ ಮೊದಲು ಅವಳದೊಂದು ಪ್ರಾರ್ಥನೆಯಿತ್ತು. ಚರ್ಚಿನ ಗುರುಗಳು ಕಲಿಸಿದ್ದಲ್ಲ, ಅವಳೇ ಕಟ್ಟಿಕೊಂಡದ್ದು. "ನನ್ ಕಾವಲ್ನೋನೆ, ಬಾಗ್ಲತಾವ ನಿಂತ್ಕ. ಮಳೆ ಬಂದ್ರೆ ವಳೀಕ್ ಬಾ. ಈ ಹೈಕ್ಳು ಬೆಚ್ಚಿ ಬೀಳ್ದಂಗೆ ನೋಡ್ಕ." ಅದನ್ನು ಕೇಳುತ್ತ ಅವಳ ಸೆರಗಿನ ವಾಸನೆಯಲ್ಲಿ ಮಲಗಿದರೆ ನನಗೆ ಹೆದರಿಕೆ ಅನ್ನುವುದೇ ಇರಲಿಲ್ಲ. ಅಜ್ಜಿಯಿಲ್ಲದ ಮನೆಯನ್ನು ಊಹಿಸಿಕೊಳ್ಳಲೂ ಆಗದಷ್ಟು ಅವಳನ್ನು ನಾನು ಹಚ್ಚಿಕೊಂಡಿದ್ದೆ.

ಅಪ್ಪನಿಗೆ ಸಿಟ್ಟು ಬರುತ್ತಿದ್ದದ್ದು ಜಾಗ ಬಿಡುವುದಕ್ಕಲ್ಲ, ದೂತನನ್ನು ಹೀಗೆ ಬೇಡಿಕೊಳ್ಳುವುದಕ್ಕೆ. ಅದು ಅವನ ಮೈಗೆ ಹತ್ತುವುದಕ್ಕೆ ಕಾರಣ ಚರ್ಚು ಎಷ್ಟೋ, ಅವನ ಕೆಲಸವೂ ಅಷ್ಟೇ. ಅಪ್ಪ ಸರ್ಕಾರಿ ಆಫೀಸೊಂದರಲ್ಲಿ ಅಟೆಂಡರ್. ಇಡೀ ದಿನ ಸಾಹೇಬರ ಬಾಗಿಲ ಬಳಿ ನಿಲ್ಲುವ ಕೆಲಸ. ಬೆಳುಗುಪ್ಪ, ಡಿ. ಹಿರೇಹಾಳ್ ಕಡೆಯಿಂದ ಬಂದ ಜನ ಒಳಗೆ ಹೋಗುವ ಬದಲು ಅಪ್ಪನಿಗೇ ಕೈ ಮುಗಿಯುತ್ತಿದ್ದರು. "ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ರೀ ಯಪ್ಪಾ" ಎಂದು ನಗುತ್ತ ಅವನ ಜೇಬಿಗೆ ಕೈ ಹಾಕಲು ಬರುತ್ತಿದ್ದರು. ಒಮ್ಮೆ ಒಬ್ಬ ಮುದುಕ ಅವನ ಕಾಲಿಗೇ ಬಿದ್ದುಬಿಟ್ಟನಂತೆ. ಅವತ್ತು ಮನೆಗೆ ಬಂದ ಅಪ್ಪ ಕೈಕಾಲು ತೊಳೆಯದೆ ಹೊಸ್ತಿಲ ಮೇಲೇ ಕೂತುಬಿಟ್ಟ.

"ಏಳ್ರಿ, ನಾನೂ ನಿಮ್ಮಂಗ ಒಬ್ಬ ಆಳು, ಬಾಗಿಲು ತೆರದೈತಿ, ನೇರ ಒಳಗ ಹೋಗ್ರಿ ಅಂದೆ. ಒಲ್ಲೆ ಅಂತಾನ! ಬಾಗಿಲಾಗ ನಿಂತಾವನ್ನ ಬೇಡಿಕೊಂಡು ಬೇಡಿಕೊಂಡು ಒಳಗ ಕುಂತಾವ್ರನ್ನ ಮರತೇಬಿಟ್ಟಾರ ಜನ."

ಆಮೇಲೆ ಅಜ್ಜಿಯ ಕಡೆ ತಿರುಗಿ, "ಇದನ್ನ ನಾ ಹೇಳೋದು ಅತ್ತೀ. ದೂತರು ಅದಾರ, ನಾ ಇಲ್ಲ ಅನ್ನಂಗಿಲ್ಲ. ದೇವರು ಕಳಿಸಿದ್ರ ಬರ್ತಾರ, ಹೇಳಿದ ಕೆಲಸ ಮಾಡ್ತಾರ. ಅವರು ನನ್ನಂಥ ಆಳುಗಳ್ರೀ. ಆಳಿಗೆ ಯಾಕ್ರೀ ಅರ್ಜಿ? ಅವರ ಮುಂದ ಮೊಣಕಾಲೂರಿದವನಿಗೆ ದೂತನೇ ಏಳು ಅಂದಾನ ಅಂತ ಬೈಬಲ್ ವಾಕ್ಯದಾಗ ಐತಿ" ಎಂದ.

ಅಜ್ಜಿ ಕತ್ತರಿ ನಿಲ್ಲಿಸಲಿಲ್ಲ. "ನಾನೆಲ್ಲಿ ಮೊಣಕಾಲೂರ್ದೆ ಅಳಿಯಂದ್ರೆ? ನನ್ ಮಂಡಿ ಬಗ್ಗಾದೇ ಇಲ್ಲ. ನಾ ಅವನ್ಕುಟ್ಟೆ ಮಾತಾಡ್ತೀನಿ ಅಷ್ಟೇಯ. ನಿಮ್ಗೆ ಜ್ವರ ಬಂದ್ರೆ ನಿಮ್ ಚರ್ಚಿನ್ ಅಯ್ಯನೋರ್ಗೆ, ನನ್ಗೋಸ್ಕರ ಪ್ರಾರ್ಥನೆ ಮಾಡಿ ಅಂತೀರಲ್ಲ, ಅಂಗೇಯ."

"ಅಯ್ಯನವರು ಕಣ್ಣ ಮುಂದ ಅದಾರ. ಅವರನ್ನ ಕೇಳ್ರಿ ಅಂತ ಹೇಳೈತಿ. ಇವರನ್ನ ಕೇಳ್ರಿ ಅಂತ ಎಲ್ಲಿ ಹೇಳೈತಿ ತೋರಸ್ರಿ ನೋಡೋಣು."

"ಪಕ್ಕದಾಗ್ ಕುಂತೋರ್ನ ಮಾತಾಡ್ಸು ಅಂತ ಯಾರಾದ್ರೂ ಬರ್ದು ಕೊಡ್ಬೇಕಾ?"

ಅಡುಗೆ ಖೋಲಿಯಿಂದ ಅಮ್ಮ, "ರೊಟ್ಟಿ ಆರ್ತದೆ, ಮುದ್ದೇನೂ ಆರ್ತದೆ, ಇಬ್ಬರೂ ಬನ್ನಿ" ಎಂದು ಕೂಗಿದಳು. ಅಜ್ಜಿಗೆ ರಾಗಿಮುದ್ದೆ, ಅಪ್ಪನಿಗೆ ಜೋಳದ ರೊಟ್ಟಿ. ಎರಡೂ ಒಲೆ ಹೊತ್ತಿಸಿ ಎರಡನ್ನೂ ಮಾಡುತ್ತಿದ್ದ ಅಮ್ಮ ಈ ವಾದಗಳಲ್ಲಿ ಯಾರ ಪರವನ್ನೂ ವಹಿಸಲಿಲ್ಲ. ಉಣ್ಣಲು ಕೂತಾಗ ಅಪ್ಪ ಪ್ರಾರ್ಥನೆ ಮಾಡುತ್ತಿದ್ದ, ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡು ಕೊನೆಗೆ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅನ್ನುತ್ತಿದ್ದಳು. ಉಂಡ ಮೇಲೆ ಇಬ್ಬರೂ ಒಂದೇ ತಟ್ಟೆಯಿಂದ ಅಡಿಕೆ ಚೂರು ತೆಗೆದುಕೊಳ್ಳುತ್ತಿದ್ದರು. ಈಗ ನೆನೆದರೆ ಅವರಿಬ್ಬರಿಗೂ ಆ ವಾದ ಬೇಕಿತ್ತು ಅನ್ನಿಸುತ್ತದೆ. ಆಫೀಸಿನಲ್ಲಿ ಅಪ್ಪನ ಮಾತಿಗೆ ಎದುರು ಮಾತಾಡುವಷ್ಟು ಅವನನ್ನು ಲೆಕ್ಕಕ್ಕೆ ಇಟ್ಟವರು ಯಾರಿದ್ದರು?

ಮನೆಯೊಳಗಿನ ಮಾತು ಚರ್ಚಿಗೆ ಹೋದದ್ದು ನನ್ನಿಂದ. ಭಾನುವಾರ ಆರಾಧನೆಗೆ ಮೊದಲು ಸಂಡೆ ಸ್ಕೂಲು. ಮುಂದಿನ ಎರಡು ಬೆಂಚುಗಳು ಮಕ್ಕಳವು. ನನ್ನ ಪಕ್ಕದ ಹುಡುಗಿಗೆ ನಾನು ದೂತನ ವಿಷಯ ಹೇಳಿದೆ. ಅವಳು ಅವಳ ಪಕ್ಕದವಳಿಗೆ ಹೇಳಿದಳು. ಮುಂದಿನ ವಾರ ಅಯ್ಯನವರು ಬಂದು ನೋಡಿದರೆ ಎರಡೂ ಬೆಂಚು ತುಂಬಿವೆ, ಅರ್ಧ ಮಕ್ಕಳು ನೆಲದ ಮೇಲಿದ್ದಾರೆ. ಬೆಂಚಿನ ಮೇಲಿರುವವರು ಅಲ್ಲೊಬ್ಬರು ಇಲ್ಲೊಬ್ಬರು ಗೋಣು ನೆಟ್ಟಗೆ ಮಾಡಿ ಕೂತಿದ್ದಾರೆ.

"ಸರಕೊಂಡು ಕುಂದರ್ರಿ ಮಕ್ಕಳಾ, ಇಷ್ಟು ಜಾಗ ಐತಲ್ಲ."

"ಆಗಂಗಿಲ್ರೀ ಅಯ್ಯನೋರೆ, ದೂತ ಕುಂತಾನ್ರಿ" ಎಂದಿತು ಒಂದು ಪುಟ್ಟ ಹುಡುಗಿ.

ಅಯ್ಯನವರು ಒಳ್ಳೆಯವರು, ನಕ್ಕುಬಿಟ್ಟರು. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅವತ್ತು ಕೊನೆಯ ಪ್ರಾರ್ಥನೆ ಮಾಡುವ ಸರದಿ ಅವರ ಸ್ವಂತ ಮಗನದು. ಅವನು ಕಣ್ಣು ಬಿಗಿಯಾಗಿ ಮುಚ್ಚಿ, ಆಗಲೇ ಬಂದು ಸೇರುತ್ತಿದ್ದ ಸಭೆಗೆಲ್ಲ ಕೇಳುವಂತೆ, "ನನ್ನ ಕಾವಲಿನವನೇ, ಬಾಗಿಲ ಹತ್ರ ನಿಂದ್ರು, ಲೆಕ್ಕದ ಪರೀಕ್ಷೆ ಪಾಸ್ ಮಾಡ್ಸು, ಆಮೆನ್" ಎಂದ. ಅಪ್ಪ ಸಭೆಯ ಹಿರಿಯರಲ್ಲಿ ಒಬ್ಬ, ಪ್ರತಿ ವಾರ ಬೈಬಲಿನ ವಾಕ್ಯ ಓದುವವನು. ಅವನ ಕಿವಿ ಕೆಂಪಾಗುವುದು ನನಗೆ ಮುಂದಿನ ಬೆಂಚಿನಿಂದ ಕಂಡಿತು. ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ಇನ್ನೊಬ್ಬ ಹಿರಿಯರು ಎಲ್ಲರೆದುರು ಕೇಳಿದರು.

"ನಿಮ್ಮ ಮನ್ಯಾಗ ದೂತರ ಪೂಜಿ ನಡದೈತಂತ, ಹೌದೇನ್ರೀ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯನಿಗೆ ಇಂಥ ಪ್ರಶ್ನೆ ಬಂದರೆ ಬಲು ಕಷ್ಟ. ಅಪ್ಪ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ಸೈಕಲ್ಲು ತಳ್ಳಿಕೊಂಡು ಮನೆಗೆ ಬಂದ. ಹತ್ತಲೂ ಇಲ್ಲ. ನಾವು ಹಿಂದೆ ನಡೆದೆವು.

ಮನೆಯಲ್ಲಿ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅಜ್ಜಿಯ ಎದುರು ಕೂತು ಮೆಲ್ಲಗೆ, "ಅತ್ತೀ, ನಿಮ್ಮ ಪ್ರಾರ್ಥನಿ ನಿಮ್ಮದು. ಆದ್ರ ನನ್ನ ಮಕ್ಕಳಿಗೆ ಕಲಿಸಬ್ಯಾಡ್ರಿ. ಬೇಡೋದಿದ್ರ ಅವರು ದೇವರನ್ನ ಬೇಡಲಿ. ಇದೊಂದು ನಡಸಿಕೊಡ್ರಿ" ಎಂದ.

ಅಜ್ಜಿ ಮಡಿಲಲ್ಲಿದ್ದ ಪ್ಯಾಂಟನ್ನು ಮಡಚಿಟ್ಟಳು. "ನಾನ್ ಬಾಯ್ ಬಿಟ್ರೆ ಮಗ ಕೇಳುಸ್ಕಂತದೆ. ನಾನ್ ಸರಿದು ಕುಂತ್ರೆ ಮಗ ನೋಡ್ತದೆ. ಬಾಯ್ ಹೊಲ್ಕಂಡು, ಗೋಡೆಗ್ ಅಂಟ್ಕಂಡು ಇರಾಕೆ ನನ್ ಕೈಲಾಗಾಕಿಲ್ಲ ಅಳಿಯಂದ್ರೆ. ನಿಮ್ಗೆ ಸಭೇಲಿ ತಲೆ ತಗ್ಗಬಾರ್ದು. ನಾ ನನ್ ಮಗನ್ ಮನೆಗ್ ಹೋಯ್ತೀನಿ."

"ಹೋಗ್ರಿ ಅಂತ ನಾ ಅಂದಿಲ್ಲ."

"ನಾನೇ ಅಂದೆ."

ಇಬ್ಬರೂ ಹಠಮಾರಿಗಳು. ಒಬ್ಬರು ಇರಿ ಅನ್ನಲಿಲ್ಲ, ಇನ್ನೊಬ್ಬರು ಇರಲೇ ಎಂದು ಕೇಳಲಿಲ್ಲ. ಅಮ್ಮ ಮಿಷನ್ನಿನ ಮುಂದೆ ಕೂತು ಪ್ಯಾಂಟಿನ ಒಂದೇ ಕಾಲಿಗೆ ಎರಡು ಸಲ ಹೊಲಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿದಳು. ನಾನು ನೀರೊಲೆಯ ಹಿಂದೆ ಕೂತು ಅತ್ತೆ. ಮಡಕಶಿರದ ಆ ದೊಡ್ಡ ಮನೆಯಲ್ಲಿ ಅಜ್ಜಿ ಕೂರುವುದನ್ನು ನೋಡಿ ಜನ ನಗುವ ಚಿತ್ರವೇ ಕಣ್ಣಮುಂದೆ ಬರುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಎಂದೆಲ್ಲ ಪಶ್ಚಾತ್ತಾಪ ಪಡುವ ವಯಸ್ಸಲ್ಲ ಅದು. ಅಜ್ಜಿ ಹೋಗಬಾರದು ಅಷ್ಟೇ. ನಾನೂ ಬಸ್ಸಿಗೆ ಬರುತ್ತೇನೆ ಎಂದು ರಚ್ಚೆ ಹಿಡಿದೆ, ಅಪ್ಪ ಬೇಡ ಅನ್ನಲಿಲ್ಲ.

ರಾಯದುರ್ಗದಿಂದ ಕಲ್ಯಾಣದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಮಡಕಶಿರಕ್ಕೆ ಇನ್ನೊಂದು. ಎರಡನೆಯದಕ್ಕೆ ಅಜ್ಜಿಯನ್ನು ಹತ್ತಿಸಿ ಅಪ್ಪ, ನಾನು ವಾಪಸು ಬರುವುದೆಂದಾಗಿತ್ತು. ಮೊದಲ ಬಸ್ಸಿನಲ್ಲಿ ಅಜ್ಜಿಗೂ ನನಗೂ ಮೂರು ಜನರ ಸೀಟು ಸಿಕ್ಕಿತು. ಅಜ್ಜಿ ಎಂದಿನಂತೆ ಬಲಕ್ಕೆ ಗೇಣು ಬಿಟ್ಟಳು. ಅಪ್ಪ ಕಂಬಿ ಹಿಡಿದು ನಿಂತ. ಆ ಗೇಣು ಜಾಗದಲ್ಲಿ ಅವನು ಕೂರಬಹುದಿತ್ತು, ಅವನು ಕೇಳಲಿಲ್ಲ, ಅಜ್ಜಿ ಕರೆಯಲಿಲ್ಲ. ಹಠಕ್ಕೆ ಹಠ. ದಾರಿಯಲ್ಲಿ ಯಾವುದೋ ಹಳ್ಳಿಯಲ್ಲಿ ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಂಗಸೊಬ್ಬಳು ಹತ್ತಿದಳು. ಅಜ್ಜಿ ತಡಮಾಡದೆ ನನ್ನನ್ನು ಕಿಟಕಿಗೆ ಒತ್ತಿ, ಆ ಜಾಗವನ್ನು ಸೆರಗಿನಿಂದ ಒರೆಸಿದಳು.

"ಬಾ ತಾಯಿ, ಕುಂತ್ಕ. ಅವ್ನಿಗೇನು ಕಾಲು ನೋಯಾಕಿಲ್ಲ."

ಯಾರಿಗೆ ಕಾಲು ನೋಯುವುದಿಲ್ಲ ಎಂದು ಆ ಹೆಂಗಸಿಗೆ ತಿಳಿಯಲಿಲ್ಲ. ಅವಳು ನಿಂತಿದ್ದ ಅಪ್ಪನನ್ನು ನೋಡಿ, "ಥ್ಯಾಂಕ್ಸ್ ಅಣ್ಣಾ" ಎಂದಳು. ಅಪ್ಪ ಮುಖ ತಿರುಗಿಸಿ ಹೊರಗೆ ನೋಡಿದ. ಅವನ ಮೀಸೆ ಅಲುಗಾಡಿದ್ದನ್ನು ನಾನು ನೋಡಿದೆ.

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದ ಅಪ್ಪ. ಅಜ್ಜಿ ತನ್ನ ಪಾಲಿನ ಮಿರ್ಚಿಯನ್ನು ನನ್ನ ಪೇಪರಿಗೆ ಹಾಕಿದಳು. ಮಡಕಶಿರದ ಬಸ್ಸು ಬರುತ್ತಿದ್ದಂತೆ ಜನ ಎದ್ದು ಓಡಿದರು. ನಮ್ಮ ಕಡೆಯ ಬಸ್ಸು ಹತ್ತುವ ರೀತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೊದಲು ಹತ್ತುವುದು ಮನುಷ್ಯನಲ್ಲ, ಅವನ ಟವಲು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲನ್ನೋ ಚೀಲವನ್ನೋ ಸೀಟಿನ ಮೇಲೆ ಎಸೆಯಬೇಕು. ಎಸೆದವನು ಆಮೇಲೆ ನಿಧಾನವಾಗಿ ಬಾಗಿಲಿನಿಂದ ಬಂದರೂ ಆ ಸೀಟು ಅವನದೇ. ಟವಲು ಬಿದ್ದ ಜಾಗದಲ್ಲಿ ಬೇರೆಯವರು ಕೂತರೆ ಇಡೀ ಬಸ್ಸೇ ಅವರನ್ನು ಎಬ್ಬಿಸುತ್ತದೆ. ಅಪ್ಪ ಉದ್ದ ಆಳು. ಹೆಗಲ ಮೇಲಿದ್ದ ಚೌಕುಳಿ ಟವಲನ್ನು ಎಳೆದು, ಓಡುತ್ತಲೇ ಕಿಟಕಿಯೊಳಗೆ ಕೈ ಚಾಚಿ ಎಸೆದ. ಆಮೇಲೆ ಕಿಟಕಿಯ ಕೆಳಗೆ ನಿಂತು, ಅತ್ತೆಯೊಬ್ಬರೇ ಹತ್ತುವುದು ಎಂದು ಒಳಗಿನವರಿಗೆ ಹೇಳುತ್ತ, ಕೈ ಒಳಗೆ ಹಾಕಿ, ಮುದುಡಿ ಬಿದ್ದ ಟವಲನ್ನು ಅಗಲಕ್ಕೆ ಎಳೆದು ಹಾಸಿದ. ಒಬ್ಬರು ಕೂರುವುದಕ್ಕಿಂತ ಜಾಸ್ತಿ ಅಗಲಕ್ಕೆ. ಅಜ್ಜಿ ಬಾಗಿಲ ಬಳಿ ನೂಕುನುಗ್ಗಲಿನಲ್ಲಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಿದ್ದಳು, ಅವಳ ಚೀಲ ಹಿಡಿದು ನಾನು ಹಿಂದೆ.

ಒಳಗಿದ್ದ ಮಡಕಶಿರ ಕಡೆಯ ಒಬ್ಬ ಗಂಡಸು ಕಿಟಕಿಯಿಂದ ಬಗ್ಗಿ ಕೇಳಿದ. "ಏನಣ್ಣಾ, ಹತ್ತಾದು ಒಂದ್ ಮುದ್ಕಿ ಅಂತೀಯ, ಟವಲ್ ಇಬ್ಬರ್ದು ಹಾಸೀಯ. ಇನ್ನ್ಯಾರು ಬತ್ತಾರೆ?"

ಬೇವಿನ ಮರದ ಕೆಳಗಿನ ಪ್ರಶ್ನೆಯೇ ಮತ್ತೆ ಬಂದಿತ್ತು. ಯಾರೂ ಇಲ್ಲ ಅಂದರೆ ಅಜ್ಜಿಯನ್ನು ಎಲ್ಲರೆದುರು ಹುಚ್ಚಿ ಮಾಡಿದಂತೆ. ಇದ್ದಾರೆ ಅಂದರೆ ಅಪ್ಪ ಅಪ್ಪನಲ್ಲ. ಅವನು ಟವಲಿನ ಅಂಚನ್ನು ಸರಿಪಡಿಸಿದ.

"ಯಾರು ಬರ್ತಾರೋ ನನಗ ಗೊತ್ತಿಲ್ರಿ" ಎಂದ ಅಪ್ಪ. "ಅವರು ಕುಂದ್ರೋದು ಹಂಗ. ಮನ್ಯಾಗೂ ಹಂಗ ಕುಂದರ್ತಾರ. ನಾವು ಅಲ್ಲಿ ಏನೂ ಇಡಂಗಿಲ್ಲ. ನೀವೂ ಏನೂ ಇಡಬ್ಯಾಡ್ರಿ."

ಮೆಟ್ಟಿಲ ಮೇಲಿದ್ದ ಕಾಲನ್ನು ಅಜ್ಜಿ ಕೆಳಗಿಳಿಸಿದಳು. ಹಿಂದಿನವರು ಬೈದರು. ಅವಳು ಜನರನ್ನು ಸರಿಸಿಕೊಂಡು ಬಂದು ಅಪ್ಪನ ಮುಂದೆ ನಿಂತಳು.

"ನಾ ಹೋಗಾಕಿಲ್ಲ."

"ಯಾಕ್ರೀ ಅತ್ತೀ? ಸೀಟು ಹಿಡದೀನಿ. ಬಸ್ಸು ಹೊಂಡತೈತಿ ಬರ್ರಿ."

"ಹೋಗ್ಲಿ ಬಿಡಿ. ಮನೇಲೂ ಅಂಗೆ, ಅಲ್ಲೇನೂ ಮಡಗಾಕಿಲ್ಲ ಅಂದ್ರಲ್ಲ. ಆ ಮನೆಗೇ ಹೋಗಾನ."

ಅಪ್ಪ ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟೇಬಿಟ್ಟಿತು, ಅಪ್ಪನ ಟವಲಿನ ಸಮೇತ.

"ನನ್ನ ಟವಲ್ರೀ!" ಅಪ್ಪ ಕೈ ಎತ್ತಿ ಹತ್ತು ಹೆಜ್ಜೆ ಓಡಿ ನಿಂತ.

"ಇರ್ಲಿ ಬನ್ನಿ" ಎಂದಳು ಅಜ್ಜಿ. "ಅವ್ನು ಹೋಗವ್ನೆ. ನಾ ಬರಾಕಿಲ್ಲ ಅಂತ ನನ್ ಮಗಂಗೆ ಹೇಳ್ಬುಟ್ಟು ಬತ್ತಾನೆ."

"ಅತ್ತೀ, ದೂತರಿಗೆ ಕೆಲಸ ಹೇಳಾವ್ರು ನೀವಲ್ಲ, ದೇವರು!" ಎಂದ ಅಪ್ಪ. ಹೇಳುತ್ತ ಹೇಳುತ್ತಲೇ ಅವನಿಗೆ ನಗು ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅಜ್ಜಿಯೂ ನಕ್ಕಳು. ನನಗಾದ ಸಂತೋಷಕ್ಕೆ ಅಜ್ಜಿಯ ಚೀಲವನ್ನು ತಲೆಯ ಮೇಲೆ ಹೊತ್ತು ಅವರಿಬ್ಬರ ಸುತ್ತ ಕುಣಿದೆ. ಅಪ್ಪ ಮತ್ತೊಂದು ಸಲ ಮಿರ್ಚಿ ಕೊಡಿಸಿದ, ಈ ಸಲ ಅಜ್ಜಿ ಯಾರಿಗೂ ಕೊಡದೆ ತಾನೇ ತಿಂದಳು. ವಾಪಸು ಬರುವ ಬಸ್ಸಿನಲ್ಲಿ ಅವಳು ಬಲಗಡೆಯ ಗೇಣು ಜಾಗವನ್ನು ಕೈಯಿಂದ ತಟ್ಟಿ, "ಕುಂತ್ಕಳಿ ಅಳಿಯಂದ್ರೆ. ಅವ್ನು ಇನ್ನೂ ಬಂದಿಲ್ಲ" ಎಂದಳು. ಅಪ್ಪ ಕೂತ. ರಾಯದುರ್ಗ ಬರುವಷ್ಟರಲ್ಲಿ ಅಜ್ಜಿಯ ಹೆಗಲಿಗೆ ಒರಗಿ ಗೊರಕೆ ಹೊಡೆಯುತ್ತಿದ್ದ.

ಆಮೇಲೆ ಮನೆಯಲ್ಲಿ ಒಂದು ಒಪ್ಪಂದ ಹುಟ್ಟಿತು. ಜಾಗ ಬಿಡುವುದು ಮರ್ಯಾದೆ, ಅದಕ್ಕೆ ಅಪ್ಪನ ಅಡ್ಡಿಯಿಲ್ಲ. ಬೇಡುವುದು ಮಾತ್ರ ದೇವರ ಹತ್ತಿರ, ಮಕ್ಕಳ ಮಟ್ಟಿಗೆ ಅದರಲ್ಲಿ ರಿಯಾಯಿತಿಯಿಲ್ಲ. ಅಜ್ಜಿಯ ಮಾತುಕತೆ ಅಜ್ಜಿಯ ಗಂಟಲಿನೊಳಗೆ. ಅಜ್ಜಿ ಒಪ್ಪಿದಳು. ರಾತ್ರಿ ಅವಳ ತುಟಿ ಅಲುಗಾಡುವುದನ್ನು ಮಾತ್ರ ನಾನು ನೋಡುತ್ತಿದ್ದೆ, ಮಾತು ನನಗೆ ಬಾಯಿಪಾಠವಾಗಿದ್ದರಿಂದ ಕೇಳಿಸದಿದ್ದರೂ ನಡೆಯುತ್ತಿತ್ತು. ಮುಂದಿನ ಭಾನುವಾರ ಅಪ್ಪ ತಾನಾಗಿಯೇ ಸಭೆಯ ಮುಂದೆ ಎದ್ದು ನಿಂತು, ನಮ್ಮ ಮನೆಯಲ್ಲಿ ದೇವರನ್ನು ಬಿಟ್ಟು ಬೇರೆಯವರನ್ನು ಮಕ್ಕಳಿಗೆ ಬೇಡಲು ಕಲಿಸುವುದಿಲ್ಲ, ಆದರೆ ಸರಿದು ಕೂರಲು ಕಲಿಸುತ್ತೇವೆ, ಅದರಲ್ಲಿ ತಪ್ಪು ಕಂಡವರು ಹೇಳಿ ಎಂದ. ಅಯ್ಯನವರು, "ತಡವಾಗಿ ಬರುವವರಿಗಾದರೂ ಜಾಗ ಸಿಗುತ್ತದಲ್ಲ" ಎಂದು ನಕ್ಕು ಮುಗಿಸಿದರು. ಮೊನ್ನೆ ನಾನು ಆ ಚರ್ಚಿಗೆ ಹೋಗಿದ್ದೆ. ಮಕ್ಕಳು ತಮ್ಮ ಬೆಂಚಿನ ತುದಿಯಲ್ಲಿ ಈಗಲೂ ಒಂದಿಷ್ಟು ಜಾಗ ಬಿಡುತ್ತವೆ. ಯಾಕೆ ಎಂದು ಕೇಳಿದರೆ ಒಂದಕ್ಕೂ ಗೊತ್ತಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಹೋಗಿ ಅಲ್ಲೇ ಕೂತುಬಿಟ್ಟೆ.

ವಾದವೇನೂ ನಿಲ್ಲಲಿಲ್ಲ. ಅದರ ಉರಿ ಹೋಯಿತು, ರುಚಿ ಉಳಿಯಿತು. ಅಜ್ಜಿ ಸೂಜಿ ಕಳೆದುಕೊಂಡು ಪರದಾಡುವಾಗ ಅಪ್ಪ ಬಾಗಿಲಿಂದಲೇ, "ಯಾಕ್ರೀ, ಮಡಕಶಿರದಿಂದ ಇನ್ನೂ ಬಂದಿಲ್ಲೇನ್ರೀ ಅವರು?" ಎಂದು ಛೇಡಿಸುತ್ತಿದ್ದ. "ಬಂದವ್ನೆ. ನಿಮ್ ಟವಲ್ ಒಗ್ದು ಒಣಗಾಕ್ತಾವ್ನೆ" ಎನ್ನುತ್ತಿದ್ದಳು ಅಜ್ಜಿ. ಆ ಟವಲು ಮಾತ್ರ ಕೊನೆಗೂ ಬರಲಿಲ್ಲ.

ನಾನು ಯಾರ ಕಡೆ ಎಂದು ಕೇಳಿದರೆ, ಇಂದಿಗೂ ಅಪ್ಪನ ಕಡೆಯವಳೇ. ದೂತರಿದ್ದಾರೆಂದು ನಂಬುತ್ತೇನೆ, ಅವರನ್ನು ಬೇಡುವುದಿಲ್ಲ. ಬಾಗಿಲು ತೆರೆದಿರುವಾಗ ಬಾಗಿಲಲ್ಲಿ ನಿಂತವರಿಗೆ ಕೈ ಮುಗಿಯುವುದು ಅವರಿಗೂ ಸಂಕಟ, ಒಳಗಿರುವವರಿಗೂ ಬೇಸರ ಎಂಬ ಅಪ್ಪನ ಮಾತು ನನಗೆ ಈಗ ಹೆಚ್ಚು ಅರ್ಥವಾಗುತ್ತದೆ. ನನ್ನ ತಲೆ ಅಪ್ಪನದು. ಆದರೆ ಮೈ ಅ‌ಜ್ಜಿಯದು. ಆಟೋದಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ನಾನು ಎಲ್ಲಿ ಕೂತರೂ ಬಲಕ್ಕೆ ಒಂದಿಷ್ಟು ಜಾಗ ಬಿಟ್ಟು ಸರಿದೇ ಸರಿಯುತ್ತೇನೆ. "ಜಾಗ ಐತೇನ್ರೀ?" ಎಂದು ಕೇಳಿದವರಿಗೆ ನಾನು ಇಲ್ಲ ಅಂದದ್ದು ನೆನಪಿಲ್ಲ.

ಅಜ್ಜಿ ಹೋದದ್ದು ನನ್ನ ಮದುವೆಗೆ ಮುಂಚಿನ ವರ್ಷ, ರಾಯದುರ್ಗದ ಅದೇ ಮುಂದಿನ ಖೋಲಿಯಲ್ಲಿ, ಜೀನ್ಸಿನ ಕಟ್ಟುಗಳ ನಡುವೆ. ನೋವಿಲ್ಲ, ಜ್ವರವಿಲ್ಲ, ದೀಪದ ಎಣ್ಣೆ ತೀರಿದಂತೆ ದಿನದಿನಕ್ಕೆ ಸಣ್ಣಗಾದಳು. ಹಿಂದಿನ ದಿನ ಅಪ್ಪನೇ ಹೋಗಿ ಅವಳ ಚರ್ಚಿನ ಗುರುಗಳನ್ನು ಆಟೋದಲ್ಲಿ ಕರೆತಂದಿದ್ದ. ಅವರು ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವಾಗ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಮರುದಿನ ಬೆಳಿಗ್ಗೆ ಬಿಸಿಲು ಆಗ ತಾನೇ ಮಂಚದ ಮೇಲೆ ಬಂದಿತ್ತು. ಅಜ್ಜಿ ಮಂಚದ ಎಡ ಅಂಚಿಗೆ ಮುದುಡಿ ಮಲಗಿದ್ದಳು. ಆ ಸ್ಥಿತಿಯಲ್ಲೂ ಬಲಕ್ಕೆ ಒಂದು ಗೇಣು ಬಿಟ್ಟಿದ್ದಳು. ಉಸಿರು ನಿಂತು ನಿಂತು ಬರುತ್ತಿತ್ತು. ಅಮ್ಮ ತಲೆಯ ಬಳಿ, ನಾನು ಕಾಲಿನ ಬಳಿ. ಅಪ್ಪನಿಗೆ ಬೇರೆಲ್ಲೂ ಜಾಗವಿರಲಿಲ್ಲ, ಬಂದು ಆ ಖಾಲಿ ಜಾಗದಲ್ಲಿ ಕೂತು ಅಜ್ಜಿಯ ಕೈ ಹಿಡಿದುಕೊಂಡ.

ಪ್ರಾರ್ಥನೆಗೆ ಕೂತರೆ ಅಪ್ಪನದು ಯಾವಾಗಲೂ ಪುಸ್ತಕದ ಕನ್ನಡ. ಅವತ್ತು ಆ ಕನ್ನಡ ಅವನಿಗೆ ಬರಲಿಲ್ಲ.

"ಕರ್ತನೇ, ನಾ ನಿನ್ನನ್ನ ಕೇಳ್ತೀನಿ, ಬ್ಯಾರೆ ಯಾರನ್ನೂ ಕೇಳಂಗಿಲ್ಲ. ನಮ್ಮತ್ತಿನ ಒಬ್ಬಾಕಿನ ಕರೀಬ್ಯಾಡ. ನಿನ್ನ ಕಡಿಂದ ಒಬ್ಬನ್ನ ಕಳಸು. ಆಕಿ ಜಾಗ ಬಿಟ್ಟಾಳ."

ಅಪ್ಪ ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿ ಕಣ್ಣು ಬಿಟ್ಟಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ಅಪ್ಪನ ಮುಖ ನೋಡಿದಳು, ಆಮೇಲೆ ಅವನು ಕೂತಿದ್ದ ಜಾಗ ನೋಡಿದಳು.

"ಅವ್ನು ಬಂದು ವತ್ತಾಯ್ತು ಅಳಿಯಂದ್ರೆ" ಎಂದಳು ಮೆಲ್ಲಗೆ. "ವಸಿ ಸರ್ಕಳಿ."

ಅಪ್ಪ ಕಣ್ಣೊರೆಸಿಕೊಂಡು, ಅಜ್ಜಿಯ ಕೈ ಬಿಡದೆ, ಸರಿದು ಕೂತ.